ಒಳಗ ಹೋಗಿ ಆಣಿ ಮಾಡು!

ಕೊಡಲಿ ನನ್ನ ಕಿವಿಯ ಪಕ್ಕದಲ್ಲೇ ಹಾದು ಜಾಲಿ ಮರಕ್ಕೆ ಕಚ್ಚಿಕೊಂಡಿತು!

ಇನ್ನೊಂದು ಗೇಣು ಈಚೆ ಬಂದಿದ್ದರೆ ನಿಮಗೆ ಈ ಕತೆ ಹೇಳಲು ನಾನಿರುತ್ತಿರಲಿಲ್ಲ.

"ಬಗ್ಗಲೇ ಭಗವಂತ!"

ಅವನ ಕತ್ತು ಹಿಡಿದು ಜೋಳದ ಹೊಲದೊಳಗೆ ನೂಕಿದೆ. ಹಿಂದೆಯೇ ನಾನೂ ಉರುಳಿದೆ.

ಬೆನ್ನ ಹಿಂದೆ ಐದಾರು ಜನ. ಅವರ ಮುಂದಾಳು ದತ್ತಪ್ಪ... ದೇಸಾಯಿಯ ಬಲಗೈ.

"ಏ ಬುರಾನ್ಯಾ! ಆ ಮಗನ್ನ ಕೊಟ್ಟು ನಿನ್ನ ಹಾದಿ ನೀ ಹಿಡಿ!"

"ಬಂದು ತಗೊಂಡ್ ಹೋಗಲೇ, ಗಂಡ್ಸಾಗಿದ್ರ!"

ನಾನು ಬುರಾನುದ್ದೀನ. ಹಿಂದೆ ನಿಜಾಮರ ಪೊಲೀಸಿನಲ್ಲಿ ಜಮಾದಾರ. ಸಲಾಮು ಹೊಡೆಯುವುದರಲ್ಲಿ ಸ್ವಲ್ಪ ಹಿಂದೆ; ಹಾಗಾಗಿ ನೌಕರಿ ಹೋಯಿತು. ಆಮೇಲೆ ಆಳಂದ, ಅಫಜಲಪುರ, ಜೇವರ್ಗಿ... ಈ ಸೀಮೆಯಲ್ಲಿ ಯಾರ ಕುತ್ತಿಗೆಗೆ ಏನು ಬಂದರೂ ಬಿಡಿಸಿಕೊಡುವುದೇ ನನ್ನ ಧಂದೆ.

ನಲವತ್ತಾರನೇ ಇಸವಿ. ನಿಜಾಮರ ಹೊಸ ಅಸೆಂಬ್ಲಿಗೆ ಎಲೆಕ್ಷನ್. ಕೂಲಿಕಾರರಿಗೂ ಒಂದು ಸೀಟು ಇಟ್ಟಿದ್ದರು. ನೆಲೋಗಿ ಕಡೆಯ ಊರೊಂದರ ಹೊರಕೇರಿಯ ಭಗವಂತ ಅದಕ್ಕೆ ನಿಂತ. ಆ ಊರಿನ ಜಮೀನ್ದಾರ ದೇಸಾಯಿ ಅವನನ್ನು ತನ್ನ ವಾಡೆಗೆ ಎಳೆಸಿ, ಬಡಿಸಿ, 'ನಾನು ಹಿಂದೆ ಸರಿದಿದ್ದೇನೆ' ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ. ಭಗವಂತ ಬಿಡಲಿಲ್ಲ. ತಕರಾರು ಹಾಕಿದ. ಅದರ ವಿಚಾರಣೆ ಈ ಕೊಡಲಿ ಹಾರಿದ ದಿನವೇ, ಭೀಮೆಯ ಆಚೆ ದಂಡೆಯಲ್ಲಿ, ಎಲೆಕ್ಷನ್ ಸಾಹೇಬರ ಕ್ಯಾಂಪಿನಲ್ಲಿ. ಗೆದ್ದರೆ ಹೆಸರು ಉಳಿಯುತ್ತದೆ. ಇಲ್ಲದಿದ್ದರೆ ಕಣದಲ್ಲಿ ದೇಸಾಯಿಯ ಅಳಿಯ ಒಬ್ಬನೇ.

ದೇಸಾಯಿಯ ಅಳಿಯ, ಕೂಲಿಕಾರರ ಪ್ರತಿನಿಧಿ! ಹುಟ್ಟಿದಾಗಿನಿಂದ ಈ ಕಡೆಯ ಕಡ್ಡಿ ಆ ಕಡೆ ಎತ್ತಿಟ್ಟವನಲ್ಲ. ಥೂ!

ಭಗವಂತನ ಹೆಂಡತಿ ಸಾಬವ್ವ ನನ್ನ ಬಾಗಿಲಿಗೆ ಬಂದಿದ್ದಳು.

"ಅಣ್ಣಾ, ಅವರನ್ನ ಸಾಹೇಬ್ರ ಮುಂದ ಜೀವಂತ ನಿಲ್ಲಸ್ರಿ. ಅಷ್ಟ ಸಾಕು. ಮುಂದಿಂದು ಅವರ ಬಾಯಿ ನೋಡ್ಕೋತದ."

ಅಷ್ಟು ಸಾಕು ಅಂತ ನಾನೂ ನಂಬಿದ್ದೆ, ನೋಡಿ!

ಓಡಿದೆವು. ಜೋಳದ ಗರಿ ಮುಖ ಗೀರುತ್ತಿತ್ತು. ಕೊನೆಗೆ ಭೀಮೆ ಕಂಡಳು. ದಂಡೆಯಲ್ಲಿ ಹರಗೋಲು ಇತ್ತು... ಅಂಬಿಗ ನಾಪತ್ತೆ!

"ಹತ್ತಲೇ!"

ದತ್ತಪ್ಪ ನೀರಿಗಿಳಿದು ಹರಗೋಲಿನ ಅಂಚು ಹಿಡಿದ. ಹುಟ್ಟು ಎತ್ತಿ ಅವನ ಬೆರಳಿನ ಮೇಲೆ ಒಂದು ಕೊಟ್ಟೆ. ಅಯ್ಯಯ್ಯೋ ಎಂದು ಕೈ ಬಿಟ್ಟ.

ಅಷ್ಟರಲ್ಲಿ ಆಚೆಯಿಂದ ಇನ್ನೊಂದು ಹರಗೋಲು ಬಂತು. ಅದರಲ್ಲಿದ್ದ ದೇಸಾಯಿಯ ಆಳು ಕೂಗಿದ.

"ಬಿಡ್ರಲೇ! ಅವನ್ನ ಬರಾಕ ಬಿಡ್ರಿ ಅಂದಾರ ದೇಸಾಯರು!"

ದತ್ತಪ್ಪ ಬೆರಳು ಬಾಯಲ್ಲಿಟ್ಟುಕೊಂಡೇ ನಗತೊಡಗಿದ.

"ಹೋಗ್ರಿ ಜಮಾದಾರ್ರ, ಹೋಗ್ರಿ! ಸಾಹೇಬ್ರು ಹಾದಿ ಕಾಯಾಕತ್ತಾರ!"

ಗೂಂಡಾ ನಗುತ್ತ ದಾರಿ ಬಿಟ್ಟರೆ, ಮುಂದೆ ಅವನಿಗಿಂತ ದೊಡ್ಡವನು ಕೂತಿದ್ದಾನೆ ಅಂತಲೇ ಅರ್ಥ. ನನಗದು ಗೊತ್ತಿತ್ತು. ಆದರೂ ಹುಟ್ಟು ಹಾಕಿದೆ. ಬೇರೆ ದಾರಿ ಎಲ್ಲಿತ್ತು?

ಕ್ಯಾಂಪು ಎಂದರೆ ದೇವಿ ಗುಡಿಯ ಎದುರಿನ ಹುಣಸೆ ಮರದ ನೆರಳು. ಕುರ್ಚಿಯಲ್ಲಿ ತಕರಾರು ಕೇಳುವ ಸಾಹೇಬರು. ಪಕ್ಕದ ಕುರ್ಚಿಯಲ್ಲಿ ಯಾರು ಗೊತ್ತೆ?

ದೇಸಾಯಿ! ಇಬ್ಬರ ಕೈಯಲ್ಲೂ ಚಹಾ.

"ಹೊಡೆದು ಹೆಬ್ಬೆಟ್ಟು ಒತ್ತಿಸ್ಕೊಂಡ್ರಂತಿ. ಸಾಕ್ಷಿ ಯಾರದಾರ?" ಸಾಹೇಬರು ಕೇಳಿದರು.

"ವಾಡೇದಾಗ ಹೊಡದ್ರಿ. ಅಲ್ಲಿದ್ದೋರೆಲ್ಲ ಅವರ ಮಂದೀನ. ನನ್ನ ಬೆನ್ನು ನೋಡ್ರಿ."

ಭಗವಂತ ಅಂಗಿ ಎತ್ತಿದ. ಬಾಸುಂಡೆ ಇನ್ನೂ ಮಾಸಿರಲಿಲ್ಲ. ಸಾಹೇಬರು ಚಹಾ ಊದಿಕೊಳ್ಳುತ್ತಿದ್ದರು.

"ಬೆನ್ನು ಸಾಕ್ಷಿ ಹೇಳಂಗಿಲ್ಲ. ಸಾಕ್ಷಿ ಇಲ್ಲಂದ್ರ ಈ ಸೀಮಿ ರಿವಾಜು ಏನದ? ಆಣಿ! ದೇವಿ ಮುಂದ ದೀಪ ಮುಟ್ಟಿ ಹೇಳು. ನಂಬ್ತೇನಿ. ಇಲ್ಲೇ ಕೂತು ನಿನ್ನ ಹೆಸರು ವಾಪಸ್ ಬರೀತೇನಿ."

ಭಗವಂತ ಗುಡಿಯ ಕಡೆ ನೋಡಿದ. ಬಾಗಿಲಿಗೆ ಅಡ್ಡ ಪೂಜಾರಿ. ಅಕ್ಕಪಕ್ಕ ದೇಸಾಯಿಯ ಮಂದಿ, ಕೈಯಲ್ಲಿ ಬಡಿಗೆ.

ಭಗವಂತನ ಜಾತಿಯವರು ಆ ಗುಡಿಯ ಮೆಟ್ಟಿಲೂ ಮುಟ್ಟುವಂತಿರಲಿಲ್ಲ. ಅದು ಊರಿಗೆಲ್ಲ ಗೊತ್ತು. ಸಾಹೇಬರಿಗೂ ಗೊತ್ತು. ದತ್ತಪ್ಪ ಯಾಕೆ ನಕ್ಕನೆಂದು ಆಗ ನನಗೂ ಗೊತ್ತಾಯಿತು.

"ಇಲ್ಲೇ ಹೊರಗ ನಿಂತು ಆಣಿ ಮಾಡ್ತೇನ್ರಿ ಸಾಹೇಬ್ರ. ದೇವಿ ಏನು ಕಿವುಡಿ ಅಲ್ಲ."

"ದೀಪ ಒಳಗದ. ಒಳಗ ಹೋಗಿ ಆಣಿ ಮಾಡು!"

ದೇಸಾಯಿ ಮೀಸೆಯ ಅಡಿಯಲ್ಲೇ ನಕ್ಕ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಅವತ್ತು ಕಣ್ಣಾರೆ ಕಂಡೆ.

ನಾನು ಭಗವಂತನ ಕಿವಿಯಲ್ಲಿ ಹೇಳಿದೆ. "ನಡಿಯಲೇ ಒಳಗ. ಯಾವನು ಬರ್ತಾನ ಬರ್ಲಿ. ನಾ ಅಡ್ಡ ನಿಲ್ತೇನಿ."

"ನನಗ ನೀವು ಅಡ್ಡ ನಿಲ್ತೀರಿ ಜಮಾದಾರ್ರ. ಆಚೆ ದಂಡ್ಯಾಗ ದತ್ತಪ್ಪ ಅದಾನ. ನಾ ಗುಡಿ ಹೊಕ್ಕೆ ಅಂತ ಸುದ್ದಿ ಮುಟ್ಟಿದ್ರ ಕೇರಿಗೆ ಬೆಂಕಿ ಹಚ್ಚತಾನ. ಸಾಬವ್ವಗ, ಕೂಸುಗಳಿಗೆ ಯಾರು ಅಡ್ಡ ನಿಲ್ತಾರ?"



ಭಗವಂತ ಸಾಹೇಬರ ಕಡೆ ತಿರುಗಿ ನೆಟ್ಟಗೆ ನಿಂತ.

"ಸಾಹೇಬ್ರ, ಸೀಟು ಹೋದ್ರ ಹೋಗ್ಲಿ. ಒಂದ ಕೇಳ್ತೇನಿ. ಒಲ್ಲೆ ಅಂದ ಅಂತ ಬರೀಬ್ಯಾಡ್ರಿ. ಬಿಡಲಿಲ್ಲ ಅಂತ ಬರೀರಿ."

ಪೆನ್ನು ಸರಸರ ಓಡಿತು. ಉರ್ದು. ಭಗವಂತನಿಗೆ ಓದಲು ಬಾರದು. ನನಗೆ ಬರುತ್ತದೆ.

"ಏನ್ ಬರದಾರ್ರಿ?" ಎಂದು ನನ್ನ ಮುಖ ನೋಡಿದ.

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಆಣಿ ಮಾಡಾಕ ಒಲ್ಲೆ ಅಂದ. ತಕರಾರು ವಜಾ."

ಭಗವಂತ ಅಂಗಿ ಕೆಳಗೆಳೆದುಕೊಂಡ. ವಾಡೆಯ ಏಟು ತಿಂದೂ ಬಗ್ಗದ ಮನುಷ್ಯ ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿದ.

ದತ್ತಪ್ಪನ ಕೊಡಲಿಯ ಮೇಲೆ ನನಗೆ ಸಿಟ್ಟು ಬಂದಿತ್ತು. ಈ ಪೆನ್ನಿನ ಮೇಲೆ ಹೇಸಿಗೆ ಬಂತು. ಕಾಲೆತ್ತಿ ಒದ್ದೆ.

ಮೊದಲು ಚಹಾದ ಕಪ್ಪು ಹಾರಿತು. ಅದರ ಹಿಂದೆ ಸಾಹೇಬರು... ಕುರ್ಚಿ ಸಮೇತ!

ಮಂದಿ ನನ್ನ ಮೇಲೆ ಬಿದ್ದರು. ಪಕ್ಕೆಲುಬು ಮುರಿಯಿತು. ಸಾಹೇಬರು ಮೂಗಿಗೆ ರುಮಾಲು ಒತ್ತಿಕೊಂಡು ಅರಚಿದರು. "ಇವನ ಮ್ಯಾಲ ತಕರಾರು ಬರ್ಕೋರಿ!"

ನಿಜಾಮರ ರಾಜ್ಯದಲ್ಲಿ ತಕರಾರು ಬೇಗ ಇತ್ಯರ್ಥವಾಗುವುದಿಲ್ಲ, ಸಾಕ್ಷಿ ಸಿಗುವುದಿಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. ನನ್ನ ಮೇಲಿನದು ಹೊತ್ತು ಮುಳುಗುವುದರೊಳಗೆ ಮುಗಿದು ನಾನು ಜೈಲಿನಲ್ಲಿದ್ದೆ. ಸಾಕ್ಷಿ ಹೇಳಲು ಇಡೀ ಊರೇ ಸಾಲು ಹಚ್ಚಿತ್ತು... ಒಬ್ಬನಿಗೂ ಯಾರೂ ಒಳಗೆ ಹೋಗಿ ಆಣೆ ಮಾಡು ಅನ್ನಲಿಲ್ಲ!