ಮುಷ್ಟಿರಾಯ ಬೆರಳು ಬಿಚ್ಚಿದ್ದು

ಆಮೆಗಳೂ ಮಾತಾಡುತ್ತಿದ್ದ ಕಾಲವದು. ಆಗ ಹವಳದುರ್ಗ ಎಂಬ ಒಂದು ರಾಜ್ಯವಿತ್ತು. ರಾಜ್ಯಕ್ಕೆ ಒಬ್ಬ ರಾಜ, ಒಂದು ಕೆರೆ, ಒಂದು ಶಾಲೆ. ರಾಜನ ಮೀಸೆ ದೊಡ್ಡದು, ಧೈರ್ಯ ಅಷ್ಟಕ್ಕಷ್ಟೆ. ಶಾಲೆಯ ಹೆಸರು ಮಾತ್ರ ಸುತ್ತಲಿನ ಏಳು ರಾಜ್ಯಗಳಲ್ಲಿ ಮನೆಮಾತಾಗಿತ್ತು. ಅಲ್ಲಿಯ ಮಕ್ಕಳು ಬಾಯಿಲೆಕ್ಕ ಹೇಳಲು ನಿಂತರೆ ಮಂತ್ರಿಗಳೂ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಆ ಶಾಲೆಗೊಂದು ಹಳೆಯ ಕಟ್ಟಳೆ. ಬಾಯಿಲೆಕ್ಕ ಬಾಯಲ್ಲೇ ಆಗಬೇಕು, ಬೆರಳು ಆಡಿಸುವಂತಿಲ್ಲ. ‘ಕೈ ಹಿಂದಕ್ಕೆ’ ಎಂದು ಬಾಗಿಲ ಮೇಲಿನ ಕಲ್ಲಿನಲ್ಲಿ ಕೆತ್ತಿತ್ತು. ಲೆಕ್ಕ ಕೇಳುವಾಗ ಮಕ್ಕಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲಬೇಕು. ಬೆರಳು ಅಲುಗಿತೋ, ಗಿಣ್ಣಿನ ಮೇಲೆ ಹುಣಸೆ ಬರಲಿನ ಏಟು. ಈ ಕಟ್ಟಳೆ ಮಾಡಿದವರು ಯಾರು, ಯಾಕೆ ಮಾಡಿದರು, ಒಬ್ಬರಿಗೂ ಗೊತ್ತಿರಲಿಲ್ಲ.

ಶಾಲೆಯ ಅಕ್ಕೋರು ಮುದ್ದವ್ವ, ಬುಟ್ಟಿ ಹೆಣೆಯುವವರ ಮನೆಯ ಮಗಳು. ವಯಸ್ಸು ಇಪ್ಪತ್ತೆರಡು. ಮನಸ್ಸು ಒಳ್ಳೆಯದು. ಆದರೆ ತಾನು ಕಲಿತ ಹಾಗೆಯೇ ಕಲಿಸುತ್ತಿದ್ದಳು, ತಾನು ತಿಂದ ಏಟನ್ನೇ ಮಕ್ಕಳಿಗೂ ಕೊಡುತ್ತಿದ್ದಳು. ಸಂಜೆ ಮಕ್ಕಳು ಹೋದ ಮೇಲೆ ಒಬ್ಬಳೇ ಕೂತು ಕಣ್ಣೊರೆಸಿಕೊಳ್ಳುವುದೂ ಉಂಟು. ಮರುದಿನ ಮತ್ತೆ ಅದೇ ಹುಣಸೆ ಬರಲನ್ನು ಕೈಗೆತ್ತಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಮುದ್ದವ್ವ ಏಳು ವರ್ಷದ ಗಂಗಿಯನ್ನು ಕೇಳಿದಳು, “ಒಂಬತ್ತೇಳ್ಲಿ ಎಷ್ಟು?”

“ಅರವತ್ಮೂರ್ರಿ ಅಕ್ಕೋರೇ!”

ಉತ್ತರ ಸರಿಯಿತ್ತು. ಆದರೆ ಗಂಗಿಯ ಬೆನ್ನ ಹಿಂದೆ ಬಲಗೈಯ ಉಂಗುರಬೆರಳು ಮಡಚಿತ್ತು. ಮುದ್ದವ್ವ ಹಿಂದಕ್ಕೆ ಹೋಗಿ ನೋಡಿದಳು. ಬರಲು ಎತ್ತಿ ಒಂದು ಬಿಟ್ಟಳು. ಗಂಗಿ ಅಳಲಿಲ್ಲ, ಕೈಯನ್ನು ಬಾಯೊಳಗೆ ಇಟ್ಟುಕೊಂಡಳು.

ಅಷ್ಟರಲ್ಲಿ ಸುಂಟರಗಾಳಿ ಎದ್ದಿತು. ಅದರೊಳಗಿಂದ ಕರಿಕಂಬಳಿ ಹೊದ್ದ ಮುದುಕನೊಬ್ಬ ಇಳಿದ. ಅವನೇ ಕಾಗೆಗುಡ್ಡದ ಮಾಯಾವಿ ಮುಷ್ಟಿರಾಯ. ಅವನ ಬಲಗೈ ಸದಾ ಬಿಗಿದ ಮುಷ್ಟಿ. ಅದು ಬಿಚ್ಚಿದ್ದನ್ನು ಕಂಡವರಿಲ್ಲ. ಮಾಯೆಯೆಲ್ಲ ಆ ಮುಷ್ಟಿಯೊಳಗೇ ಇದೆ ಎಂದು ಜನ ಹೇಳುತ್ತಿದ್ದರು.

“ಬೆರಳು ಬ್ಯಾಡಾದ ಮಕ್ಕಳಿಗೆ ಕೈ ಯಾಕ? ರೆಕ್ಕಿ ಸಾಕು!” ಎಂದ.

ಇಪ್ಪತ್ತೇಳು ಮಕ್ಕಳೂ ಗಿಣಿಗಳಾದರು. ಗಾಳಿ ಅವರನ್ನು ಎತ್ತಿಕೊಂಡು ಹೋಯಿತು.

“ಮೂರನೇ ದಿನ ಹೊತ್ತು ಮುಳುಗೋದ್ರಾಗ ತಮ್ಮ ಹೆಸರು ಮರೀತಾರ. ಆಮ್ಯಾಲೆ ಗಿಣಿ ಗಿಣೀನ!” ಎಂಬ ಮಾತು ಮಾತ್ರ ಆಕಾಶದಿಂದ ಕೇಳಿಸಿತು.

ಊರೆಲ್ಲ ಗೋಳಾಡಿತು. ಮುದ್ದವ್ವ ಮಕ್ಕಳನ್ನು ಕರೆತರಲು ಹೊರಟಳು. ರಾಜ ಮೀಸೆ ತಿರುವಿ, “ನಾನೇ ಹೋಗುತ್ತಿದ್ದೆ, ಮಂಡಿನೋವು” ಎಂದು ಅವಳಿಗೆ ತನ್ನ ಖಡ್ಗ ಕೊಟ್ಟ. ಅದನ್ನು ಎತ್ತಲು ಇಬ್ಬರು ಬೇಕಿತ್ತು. ಮುದ್ದವ್ವ ಅದನ್ನು ಅಲ್ಲೇ ಬಿಟ್ಟು, ಶಾಲೆಯ ಗೂಡಿನಲ್ಲಿದ್ದ ಒಂದು ಚೀಲ ತೆಗೆದುಕೊಂಡಳು. ಅದರಲ್ಲಿ ಹುಣಸೆ ಬೀಜಗಳಿದ್ದವು. ಪಾಠದ ಹೊತ್ತಿನಲ್ಲಿ ಆಡುತ್ತಾರೆಂದು ಮಕ್ಕಳಿಂದ ಕಸಿದುಕೊಂಡ ಬೀಜಗಳು. ಮಕ್ಕಳು ಸಿಕ್ಕರೆ ಮೊದಲು ಇವನ್ನು ಕೊಟ್ಟುಬಿಡಬೇಕು ಅಂದುಕೊಂಡಳು.

ಮೊದಲ ದಿನ ಹೊಳೆ ಅಡ್ಡ ಬಂತು. ಹೊಳೆಯಲ್ಲಿ ಗುಡಿಸಲಿನಷ್ಟು ದೊಡ್ಡ ಆಮೆ ಕೂತಿತ್ತು.

“ನನ್ನ ಬೆನ್ನ ಮ್ಯಾಲೆ ತೊಂಬತ್ತೆಂಟು ಬಿಲ್ಲೆ, ನನ್ನ ಹೆಂಡತಿ ಬೆನ್ನ ಮ್ಯಾಲೆ ಐವತ್ತೇಳು. ಒಟ್ಟು ಎಷ್ಟು? ನಾ ಕಣ್ಣು ಮಿಟುಕಿಸೋದ್ರಾಗ ಹೇಳು. ತಪ್ಪಿದ್ರ ನುಂಗ್ತೀನಿ” ಎಂದಿತು ಆಮೆ.

ಆಮೆ ಕಣ್ಣು ಮಿಟುಕಿಸುವುದೂ ಆಮೆಯ ಹಾಗೇ ನಿಧಾನ, ಅದೊಂದು ಪುಣ್ಯ. ಮುದ್ದವ್ವನಿಗೆ ತನ್ನ ಶಾಲೆಯ ಹುಡುಗ ಸಂಗಪ್ಪ ನೆನಪಾದ. ಅವನು ಬೀಜಗಳನ್ನು ಎರಡು ಗುಡ್ಡೆ ಮಾಡಿ, ಒಂದರಿಂದ ಇನ್ನೊಂದಕ್ಕೆ ಸರಿಸುತ್ತ, “ಮೊದಲು ಒಂದು ಗುಡ್ಡಿ ತುಂಬಿಸೂನು” ಅನ್ನುತ್ತಿದ್ದ.

“ನಿನ್ನ ಹೆಂಡತಿ ಬೆನ್ನಿಂದ ಎರಡು ಬಿಲ್ಲೆ ತಗದು ನಿನ್ನ ಬೆನ್ನಿಗಿಟ್ಟೆ ಅಂತ ತಿಳಕೋ. ನಿಂದು ನೂರು ತುಂಬಿತು, ಆಕೀದು ಐವತ್ತೈದು ಉಳೀತು. ಒಟ್ಟು ನೂರಾ ಐವತ್ತೈದು!”

ಆಮೆಯ ರೆಪ್ಪೆ ಅರ್ಧಕ್ಕೇ ನಿಂತಿತು. “ಯಾರು ಹೇಳಿಕೊಟ್ರು?”

“ಸಂಗಪ್ಪ. ಆಟ ಆಡ್ತಾನಂತ ಅವನ ಬೀಜ ಕಸಗೊಂಡಿದ್ದೆ” ಎಂದಳು ಮುದ್ದವ್ವ. ಹೇಳುವಾಗ ನಾಚಿಕೆಯಾಯಿತು. ಆಮೆ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿತು. ದಾರಿಯುದ್ದಕ್ಕೂ ಹೆಂಡತಿಯ ಮೇಲೆ ಚಾಡಿ ಹೇಳಿತು.

ಎರಡನೇ ದಿನ ಕಾಗೆಗುಡ್ಡದ ಬುಡ. ಅಲ್ಲಿ ಹತ್ತು ಮೆಟ್ಟಿಲು. ಮೊದಲ ಮೆಟ್ಟಿಲ ಮೇಲೆ ಒಂದು ಕಣಗಿಲೆ ಹೂ, ಎರಡನೆಯದರ ಮೇಲೆ ಎರಡು, ಹೀಗೆ ಹತ್ತನೆಯದರ ಮೇಲೆ ಹತ್ತು. ಮೇಲೆ ಕಲ್ಲಿನ ಯಾಳಿ ಕಾವಲಿತ್ತು. ಯಾಳಿಯೆಂದರೆ ಸಿಂಹದ ಮೈ, ಆನೆಯ ಸೊಂಡಿಲು.

“ಹೂ ಒಟ್ಟು ಎಷ್ಟು? ಮುಟ್ಟಬ್ಯಾಡ. ಒಂದೊಂದ ಎಣಿಸಿದ್ರ ಬಾಡ್ತಾವ. ಬಾಡಿದ್ರ ನಿನ್ನನ್ನ ಕಲ್ಲು ಮಾಡ್ತೀನಿ” ಎಂದಿತು ಯಾಳಿ.

ಮುದ್ದವ್ವ ನೆಲದ ಮೇಲೆ ಹುಣಸೆ ಬೀಜ ಹರಡಿದಳು. ಹೂಗಳ ಹಾಗೆಯೇ ಒಂದರ ಸಾಲು, ಎರಡರ ಸಾಲು, ಹತ್ತರವರೆಗೆ. ಆಮೇಲೆ ಶಾಲೆಯ ಹುಡುಗಿ ಹೊನ್ನಿ ಕೋಲಾಟಕ್ಕೆ ಜೋಡಿ ಕಟ್ಟುತ್ತಿದ್ದುದು ನೆನಪಾಯಿತು. ಎಲ್ಲರಿಗಿಂತ ಗಿಡ್ಡನಿಗೆ ಎಲ್ಲರಿಗಿಂತ ಉದ್ದನೆಯವನು ಜೋಡಿ, ಅವರಾದ ಮೇಲೆ ಉಳಿದವರಲ್ಲಿ ಗಿಡ್ಡನಿಗೆ ಉದ್ದನೆಯವನು. ಮುದ್ದವ್ವ ಒಂದರ ಸಾಲನ್ನು ಹತ್ತರ ಪಕ್ಕಕ್ಕೆ ಸರಿಸಿದಳು, ಹನ್ನೊಂದಾಯಿತು. ಎರಡನ್ನು ಒಂಬತ್ತರ ಪಕ್ಕಕ್ಕೆ, ಮತ್ತೆ ಹನ್ನೊಂದು. ಮೂರು ಎಂಟು, ನಾಲ್ಕು ಏಳು, ಐದು ಆರು. ಐದು ಜೋಡಿ, ಎಲ್ಲವೂ ಹನ್ನೊಂದೇ.

“ಐವತ್ತೈದು!”

ಒಂದು ಹೂವೂ ಬಾಡಲಿಲ್ಲ. “ಯಾರು ಹೇಳಿಕೊಟ್ರು?” ಎಂದಿತು ಯಾಳಿ.

“ಹೊನ್ನಿ. ಲೆಕ್ಕದ ಹೊತ್ತಿಗೆ ಕುಣೀತಾಳಂತ ಬಿಸಿಲಾಗ ನಿಲ್ಲಿಸಿದ್ದೆ.”

ಯಾಳಿ ಸೊಂಡಿಲೆತ್ತಿ ದಾರಿ ಬಿಟ್ಟಿತು.

ಮೂರನೇ ದಿನ ಹೊತ್ತು ಇಳಿಯುತ್ತಿದ್ದಾಗ ಮುದ್ದವ್ವ ಗುಡ್ಡದ ತುದಿ ಮುಟ್ಟಿದಳು. ಮುಷ್ಟಿರಾಯ ಬಂಡೆಯ ಮೇಲೆ ಕೂತಿದ್ದ. ಸುತ್ತ ಇಪ್ಪತ್ತೇಳು ಗಿಣಿಗಳು. ಒಂದು ಗಿಣಿ “ಗಂ... ಗಂ...” ಅನ್ನುತ್ತಿತ್ತು. ಹೆಸರು ಪೂರ್ತಿ ಬಾಯಿಗೆ ಬರುತ್ತಿರಲಿಲ್ಲ. ಅದು ಗಂಗಿಯೆಂದು ಮುದ್ದವ್ವ ಗುರುತು ಹಿಡಿದಳು.

“ಒಂದೇ ಪ್ರಶ್ನೆ. ಒಂಬತ್ತೇಳ್ಲಿ ಎಷ್ಟು?” ಎಂದ ಮುಷ್ಟಿರಾಯ.

ಸಾವಿರ ಸಲ ಹೇಳಿದ ಮಗ್ಗಿ. ಆದರೆ ಆ ಗಿಣಿಯನ್ನು ನೋಡಿ ಮುದ್ದವ್ವನ ತಲೆ ಖಾಲಿಯಾಯಿತು. ಐವತ್ತನಾಲ್ಕೋ, ಎಪ್ಪತ್ತೆರಡೋ? ಮಗ್ಗಿ ಬಾಯಿಗೆ ಬರಲೇ ಇಲ್ಲ. ತಾನು ಲೆಕ್ಕ ಕೇಳಿದಾಗ ಮಕ್ಕಳಿಗೂ ಹೀಗೇ ಆಗುತ್ತಿತ್ತು ಎಂದು ಆಗ ಅವಳಿಗೆ ತಿಳಿಯಿತು.

ಸೂರ್ಯ ಆಚೆಯ ಬೆಟ್ಟದ ನೆತ್ತಿ ಮುಟ್ಟಿದ. ಮುದ್ದವ್ವ ಗಂಗಿಯ ಮಡಚಿದ ಬೆರಳನ್ನು ನೆನೆದು, ಎರಡೂ ಅಂಗೈ ಮುಖದೆದುರು ಹಿಡಿದಳು. ಎಡಗೈ ಹೆಬ್ಬೆರಳಿನಿಂದ ಎಣಿಸಿ ಏಳನೆಯ ಬೆರಳು ಮಡಚಿದಳು.

“ಕೈ ಹಿಂದಕ್ಕೆ!” ಎಂದು ಕಿರುಚಿದ ಮುಷ್ಟಿರಾಯ. ಅದು ಸಿಟ್ಟಿನ ಕೂಗಲ್ಲ, ಹೆದರಿಕೆಯ ಕೂಗು.

ಮುದ್ದವ್ವ ಕೈ ಇಳಿಸಲಿಲ್ಲ. “ಮಡಚಿದ ಬೆರಳಿನ ಈ ಕಡೆ ಆರು, ಅಂದ್ರ ಅರವತ್ತು. ಆ ಕಡೆ ಮೂರು. ಅರವತ್ಮೂರು.”

“ಯಾರು... ಯಾರು ಹೇಳಿಕೊಟ್ರು?”

“ಗಂಗಿ. ಉತ್ತರ ಸರಿ ಹೇಳಿದ್ಲು. ಆದ್ರೂ ಹೊಡೆದೆ.” ಮುದ್ದವ್ವ ಅಳತೊಡಗಿದಳು.

ಮುಷ್ಟಿರಾಯ ತನ್ನ ಮುಷ್ಟಿಯನ್ನು ಎತ್ತಿ ತೋರಿಸಿದ. “ನನ್ನನ್ನೂ ಹಂಗ ಹೊಡೆದ್ರು. ಅದ ಸಾಲ್ಯಾಗ. ಒಂಬತ್ತೆಂಟ್ಲಿ ಎಷ್ಟಂತ ಕೇಳಿದ್ರು, ನಾ ಬೆರಳು ಎತ್ತಿದೆ. ಅವತ್ತು ಮುಚ್ಚಿದ ಕೈ ಇದು. ಗಿಣಿಗೆ ಕೈ ಇರಾಂಗಿಲ್ಲ, ಯಾರೂ ಹೊಡಿಯಾಂಗಿಲ್ಲ ಅಂತ ಇವರನ್ನ ತಂದೆ.”

ಮುದ್ದವ್ವ ಹತ್ತಿರ ಹೋಗಿ ಮಂಡಿಯೂರಿದಳು. ಮುಷ್ಟಿಯ ಗಿಣ್ಣುಗಳ ಮೇಲೆ ಹಳೆಯ ಗಾಯದ ಗೆರೆಗಳಿದ್ದವು.

“ನಿಮ್ಮ ಹೆಸರೇನು, ಅಜ್ಜಾ?”

ಮುದುಕ ತಡವರಿಸಿದ. “ಕರಿಬಸ್ಯಾ” ಎಂದ.

“ಕರಿಬಸಜ್ಜಾ, ತಪ್ಪು ನಮ್ಮ ಸಾಲೀದು, ನಿಮ್ಮ ಬೆರಳಿಂದಲ್ಲ. ಒಂಬತ್ತೆಂಟ್ಲಿ ಎಷ್ಟು, ಇಬ್ಬರೂ ನೋಡೂನು. ಹತ್ತು ಬೆರಳೂ ಬೇಕಾಗ್ತಾವ.”

ಮೊದಲು ಕಿರುಬೆರಳು ಬಿಚ್ಚಿತು. ಆಮೇಲೆ ಉಂಗುರಬೆರಳು. ಉಳಿದ ಮೂರು ಒಂದೊಂದಾಗಿ ಬಿಚ್ಚಿದವು. ಮುದುಕ ತನ್ನ ಎರಡೂ ಅಂಗೈಯನ್ನು ಅರವತ್ತು ವರ್ಷದ ಮೇಲೆ ಒಟ್ಟಿಗೆ ನೋಡಿದ. ಎಣಿಸಿ ಎಂಟನೆಯ ಬೆರಳು ಮಡಚಿದ. ಈ ಕಡೆ ಏಳು, ಆ ಕಡೆ ಎರಡು.

“ಎಪ್ಪತ್ತೆರಡು! ಎಪ್ಪತ್ತೆರಡು ಅಲ್ಲೇನವ್ವ?”

“ಖರೇನ, ಎಪ್ಪತ್ತೆರಡು!”

ತೆರೆದ ಅಂಗೈಯಿಂದ ಮಾಯೆ ಹೊರಬಂದು ಧೂಳಿನಂತೆ ಹಾರಿಹೋಯಿತು. ಗಿಣಿಗಳೆಲ್ಲ ಮಕ್ಕಳಾದರು. ಗಂಗಿ ತನ್ನ ಹೆಸರನ್ನು ಜೋರಾಗಿ ಎರಡು ಸಲ ಹೇಳಿಕೊಂಡಳು. ಮುದ್ದವ್ವ ಅವಳ ಕೈಗೆ ಮುತ್ತಿಟ್ಟು, ಎಲ್ಲರ ಬೀಜ ಎಲ್ಲರಿಗೂ ಹಂಚಿದಳು.

ಶಾಲೆಯ ಬಾಗಿಲ ಕಲ್ಲಿನ ಮೇಲಿದ್ದ ಮಾತನ್ನು ರಾಜನೇ ಉಳಿ ಹಿಡಿದು ಕೆತ್ತಿ ಅಳಿಸಿದ. ಮಂಡಿನೋವು ಆಗ ಬರಲಿಲ್ಲ. ಕರಿಬಸಜ್ಜ ಶಾಲೆಯ ಮುಂದಿನ ಸಾಲಿನಲ್ಲಿ ಗಂಗಿಯ ಪಕ್ಕ ಕೂತು ಹತ್ತರ ಮಗ್ಗಿಯವರೆಗೂ ಕಲಿತ. ಬಾಯಿಲೆಕ್ಕದ ಹೊತ್ತಿಗೆ ಮುದ್ದವ್ವ ಈಗ “ಕೈ ಮುಂದಕ್ಕೆ!” ಅನ್ನುತ್ತಿದ್ದಳು. ಇನ್ನೂರ ಎಂಬತ್ತು ಬೆರಳು ಒಮ್ಮೆಲೇ ಮೇಲೇಳುತ್ತಿದ್ದವು.

ಅವರೆಲ್ಲ ಎಷ್ಟು ವರ್ಷ ಸುಖವಾಗಿ ಬಾಳಿದರು ಎಂದು ಕೇಳುತ್ತೀರಾ? ಬೆರಳು ಮಡಚಿ ಎಣಿಸಿಕೊಳ್ಳಿ, ಯಾರೂ ಹೊಡೆಯುವುದಿಲ್ಲ.