ಕದಿಯಲೆಂದೇ ಬರೆದ ಸುದ್ದಿ

ಧರ್ಮಪ್ಪನವರಿಗೆ ಟೈಪು ಮಾಡಲು ಬರುತ್ತಿರಲಿಲ್ಲ. ಮೌಸು ಹಿಡಿದರೆ ಬಾಣದ ಗುರುತು ಪರದೆಯ ಮೂಲೆಗೆ ಓಡಿ ಅವಿತುಕೊಳ್ಳುತ್ತಿತ್ತು. ಇಂಥವರನ್ನು ಜಿಲ್ಲೆಯ ದಿನಪತ್ರಿಕೆಯವರು ತಮ್ಮ ಹೊಸ ಇಂಟರ್ನೆಟ್ ಆವೃತ್ತಿಗೆ ಮುಖ್ಯಸ್ಥರನ್ನಾಗಿ ಮಾಡಲಿದ್ದಾರೆ ಎಂಬ ಮಾತು ರುದ್ರೇಶನ ಕಿವಿಗೆ ಬಿದ್ದದ್ದು ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ. ಆ ಕೆಲಸಕ್ಕೆ ರುದ್ರೇಶನೂ ಅರ್ಜಿ ಹಾಕಿದ್ದ. ‘ಧರ್ಮಪ್ಪನವರ ಲೇಖನಗಳಲ್ಲಿ ಕಾಣುವ ಅಧ್ಯಯನ ನಿಮ್ಮಲ್ಲೂ ಬೆಳೆಯಲಿ’ ಎಂದು ಮಾಲೀಕರು ಹರಸಿ ಕಳಿಸಿದ್ದರು.

ಆ ಅಧ್ಯಯನವೆಲ್ಲ ರುದ್ರೇಶನದೇ. ಅವನು ಬೆಂಗಳೂರಿನ ಒಂದು ಕನ್ನಡ ವೆಬ್‌ಸೈಟಿಗೆ ಶಿವಮೊಗ್ಗದ ವರದಿಗಾರ. ತುಂಗೆಯ ಮೀನುಗಳ ಬಗ್ಗೆ, ಭದ್ರಾವತಿಯ ಹಳೇ ಕಾರ್ಮಿಕರ ನಾಟಕ ಸಂಘದ ಬಗ್ಗೆ, ಮಲವಗೊಪ್ಪದಲ್ಲಿ ಲಾರಿ ನಿಲ್ಲಿಸಿ ಅಡುಗೆ ಮಾಡಿಕೊಳ್ಳುವ ಡ್ರೈವರುಗಳ ಬಗ್ಗೆ ವಾರಗಟ್ಟಲೆ ಅಲೆದು ಬರೆಯುತ್ತಿದ್ದ. ದುಬೈಯಿಂದ ಯಾರೋ ‘ಊರು ನೆನಪಾಯಿತು’ ಎಂದು ಮೇಲ್ ಕಳಿಸುತ್ತಿದ್ದರು. ವಿನೋಬನಗರದಲ್ಲಿ ಅವನ ಪಕ್ಕದ ಮನೆಯವರಿಗೆ ಮಾತ್ರ ಅವನೇನು ಕೆಲಸ ಮಾಡುತ್ತಾನೆಂಬುದು ಇನ್ನೂ ಖಚಿತವಾಗಿರಲಿಲ್ಲ. ತಾಯಿ ವೀರಮ್ಮನಿಗೂ ಅಷ್ಟೇ.

“ನಿನ್ನ ಪೇಪರು ಯಾವ ಅಂಗಡೀಲಿ ಸಿಗತ್ತೋ? ಬೀರುವಿಗೆ ಹಾಸೋಕಾದ್ರೂ ಒಂದು ತಗಂಬಾ.”

ಅವನು ಬರೆದ ಸುದ್ದಿ ಮಾರನೆಯ ಬೆಳಿಗ್ಗೆ ಜಿಲ್ಲಾ ಪತ್ರಿಕೆಯಲ್ಲಿ ಧರ್ಮಪ್ಪನವರ ಹೆಸರು ಹೊತ್ತು ಬರುತ್ತಿತ್ತು. ಅಲ್ಪವಿರಾಮ ಕೂಡ ಜಾಗ ಬದಲಿಸಿರುತ್ತಿರಲಿಲ್ಲ. ಹೀಗೇ ಮೂರು ವರ್ಷ. ರುದ್ರೇಶ ಕಂಡಕಂಡವರಿಗೆಲ್ಲ ಹೇಳಿದ. ಭೈರಪ್ಪನ ಹೋಟೆಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಭದ್ರಾವತಿಯ ಬಸ್ಸಿನಲ್ಲಿ. “ಆ ಮನುಷ್ಯನ ಹೆಸರಲ್ಲಿ ಬರೋದೆಲ್ಲ ನಾನು ಬರೆದಿದ್ದು ಕಣ್ರೀ!” ನವುಲೆಯ ಕೆರೆ ತಮ್ಮಜ್ಜನದು ಎನ್ನುವವನ ಮಾತಿಗೆ ತಲೆಯಾಡಿಸುವ ಹಾಗೆ ಜನ ತಲೆಯಾಡಿಸಿದರು.

ಕೊನೆಗೆ ಧರ್ಮಪ್ಪನವರನ್ನೇ ಹೋಟೆಲಿನಲ್ಲಿ ಅಡ್ಡಗಟ್ಟಿದ. ಅವರಿಗೆ ಬೇಸರವಾಗಲಿಲ್ಲ.

“ಅಲ್ಲ ಮಾರಾಯ, ನಾನು ಹಾಕದೇ ಇದ್ರೆ ಇಲ್ಲಿ ಯಾರು ಓದ್ತಿದ್ರು ಹೇಳು? ನೀನು ಬರೆಯೋದು ಗಾಳೀಲಿ ಬರೆದಂಗೆ. ಇವತ್ತು ಉಂಟು, ನಾಳೆ ಅಳಿಸಿದ್ರೆ ಇಲ್ಲ. ನಾನು ಅದಕ್ಕೆ ಮಸಿ ಹಚ್ತೀನಿ.”

“ಕದ್ದು ಹಚ್ತೀರಿ ಸಾರ್.”

“ಕಾಫಿ ಕುಡಿ, ಆರ್ತಾ ಇದೆ.”

ಆ ಕಾಫಿಯ ದುಡ್ಡನ್ನೂ ರುದ್ರೇಶನೇ ಕೊಟ್ಟು ಹೊರಬಂದ. ಆದರೆ ಉಷಾ ನರ್ಸಿಂಗ್ ಹೋಮಿನ ಸರ್ಕಲ್ಲು ದಾಟುವಷ್ಟರಲ್ಲಿ ಅವನಿಗೆ ಧರ್ಮಪ್ಪ ಹೇಳಿದ್ದು ಅಪ್ಪಟ ಸತ್ಯ ಎನ್ನಿಸಿತು. ಗಾಳಿಯಲ್ಲಿ ಬರೆದದ್ದನ್ನು ಅಳಿಸಬಹುದು, ಮಸಿ ಹಚ್ಚಿದ್ದನ್ನು ಅಳಿಸಲಾಗದು. ಹಾಗಾದರೆ ಕದಿಯಲೆಂದೇ ಒಂದು ಸುಳ್ಳು ಸುದ್ದಿ ಬರೆದಿಟ್ಟು, ಕಳ್ಳ ಅದನ್ನು ಹೊತ್ತುಕೊಂಡು ಹೋದ ಮೇಲೆ ಅಳಿಸಿಬಿಟ್ಟರೆ?

ಅವನು ಈ ಉಪಾಯವನ್ನು ಎಲ್ಲ ಕಡೆಯಿಂದಲೂ ತಟ್ಟಿ ನೋಡಿದ. ವೆಬ್‌ಸೈಟಿಗೆ ಸುದ್ದಿ ಏರಿಸುವ ಪಾಸ್‌ವರ್ಡು ಅವನ ಬಳಿಯೇ ಇತ್ತು. ಬೆಂಗಳೂರಿನ ಸಂಪಾದಕರು ಸಿನಿಮಾ, ಕ್ರಿಕೆಟ್ಟು ಬಿಟ್ಟು ಜಿಲ್ಲೆಗಳ ಪುಟಕ್ಕೆ ಇಣುಕುತ್ತಿದ್ದುದು ಮಾರನೆಯ ದಿನವೇ. ಸಂಜೆ ಹೊತ್ತಿನಲ್ಲಿ ಓದುಗರೂ ಇರುವುದಿಲ್ಲ. ದುಬೈಯವರು ಇನ್ನೂ ಆಫೀಸಿನಲ್ಲಿ, ಅಮೆರಿಕದವರು ಹಲ್ಲುಜ್ಜುವುದರಲ್ಲಿ. ಧರ್ಮಪ್ಪನವರು ಮಾತ್ರ ಆಗ ಶೀಲಾಳ ಸೈಬರ್ ಕೆಫೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಆಕೆ ಪುಟ ತೆರೆದು, ರುದ್ರೇಶನ ಹೆಸರು ಬಿಟ್ಟು ಉಳಿದದ್ದನ್ನು ಒಂದು ಫ್ಲಾಪಿಗೆ ಹಾಕಿಕೊಡುತ್ತಾಳೆ. ದಿನವೂ ಅದೇ ಫ್ಲಾಪಿ. ಇಂದಿನದನ್ನು ನಾಳಿನದು ನುಂಗುತ್ತದೆ. ಇದನ್ನೆಲ್ಲ ರುದ್ರೇಶನಿಗೆ ತಿಳಿಸಿದವಳೂ ಶೀಲಾಳೇ, ಅದೂ ಆಕ್ಷೇಪಣೆಯ ದನಿಯಲ್ಲಿ. “ನಿನ್ನೆ ಯಾಕೆ ಸಾರ್ ಏನೂ ಹಾಕಿರ್ಲಿಲ್ಲ? ಪಾಪ, ಧರ್ಮಪ್ಪನೋರು ಕಾದೂ ಕಾದೂ ವಾಪಸ್ ಹೋದ್ರು.”

ನಾಳೆ ಗದ್ದಲವಾದರೆ ಧರ್ಮಪ್ಪ ಏನೆಂದಾರು? ‘ನೆಟ್ಟಿನಿಂದ ಕದ್ದೆ’ ಎನ್ನಬೇಕು. ಅಂದರೂ ತೋರಿಸಲು ನೆಟ್ಟಿನಲ್ಲಿ ಏನೂ ಇರುವುದಿಲ್ಲ.

ಸುದ್ದಿಗೊಬ್ಬ ಮನುಷ್ಯ ಬೇಕಿತ್ತು. ಭದ್ರಾವತಿಯ ಮುರುಗೇಶಪ್ಪ ಹೇಳಿ ಮಾಡಿಸಿದಂತಿದ್ದರು. ನಾಲೆಯ ಪಕ್ಕ ಅವರದೊಂದು ಕುಡಿಯುವ ನೀರಿನ ಬಾಟಲಿ ಫ್ಯಾಕ್ಟರಿ. ತಮ್ಮ ಹೆಸರಿನ ಹಿಂದೆ ‘ಶ್ರೀ’ ಹಾಕದ ಲಗ್ನಪತ್ರಿಕೆಗೂ ವಕೀಲರಿಂದ ನೋಟೀಸು ಕೊಡಿಸಿದವರು. ಮೇಲಾಗಿ ಯಾವ ಪತ್ರಿಕೆಗೂ ಒಂದು ಜಾಹೀರಾತು ಕೊಟ್ಟವರಲ್ಲ. ಹಾಗಾಗಿ ಅವರ ವಿರುದ್ಧದ ಸುದ್ದಿಯನ್ನು ಯಾವ ಪತ್ರಿಕೆಯವರೂ ಎರಡನೇ ಸಲ ಓದಿ ನೋಡುತ್ತಿರಲಿಲ್ಲ.

ರುದ್ರೇಶ ಸತ್ಯಕ್ಕೆ ಪಟ್ಟ ಶ್ರಮಕ್ಕಿಂತ ಹೆಚ್ಚಿನ ಶ್ರಮವನ್ನು ಈ ಸುಳ್ಳಿಗೆ ಪಟ್ಟ. ಬಸ್ಸು ಹತ್ತಿ ಹೋಗಿ ಫ್ಯಾಕ್ಟರಿಯ ಗೇಟಿನ ಬಣ್ಣ, ಟ್ಯಾಂಕರಿನ ಮೇಲಿನ ಗೀರು, ನಾಲೆಗೆ ಇಳಿಯುವ ಕಾಲುದಾರಿ ಎಲ್ಲ ನೋಡಿಕೊಂಡ. ಗೇಟು ಕಾಯುತ್ತಿದ್ದ ತಮಿಳಿನ ವೆಂಕಟಾಚಲ ಎದ್ದು ಬಂದ.

“ಎನ್ನ ಸಾರ್, ಯಾರ್ ಬೇಕಿತ್ತು?”

“ಸುಮ್ನೆ. ಬಾಯಾರಿತ್ತು.”

“ಅದಕ್ಯಾಕೆ ಹೊರಗಡೆ ನಿಂತಿದೀರಿ? ಬನ್ನಿ, ಕುಡೀರಿ. ನಮ್ ನೀರು ಫಸ್ಟ್ ಕ್ಲಾಸು ಸಾರ್, ಓನರ್ ಮೊಮ್ಮಗೂನೂ ಇದನ್ನೇ ಕುಡಿಯೋದು.”

ರುದ್ರೇಶ ಎರಡು ಲೋಟ ಕುಡಿದ. ನಿಜಕ್ಕೂ ಒಳ್ಳೆಯ ನೀರು. ಮನೆಗೆ ಬಂದು, ಕತ್ತಲಾದ ಮೇಲೆ ನಾಲೆಯ ನೀರನ್ನೇ ಟ್ಯಾಂಕರಿಗೆ ತುಂಬಿ ಬಾಟಲಿ ಮಾಡುತ್ತಾರೆಂದೂ, ಅದರಲ್ಲಿ ಹುಳು ತೇಲುತ್ತವೆಂದೂ ಬರೆದ. ಕಾಳಮ್ಮ ಎಂಬ ಕೂಲಿ ಹೆಂಗಸನ್ನು ಸೃಷ್ಟಿಸಿ ಅವಳ ಬಾಯಲ್ಲಿ ನಾಲ್ಕು ಮಾತು ಆಡಿಸಿದ. ‘ನಾವು ಬಟ್ಟೆ ಒಗೆಯೋ ನೀರ್ ಸ್ವಾಮಿ ಅದು.’ ಆ ಮಾತು ಅವನಿಗೇ ಎಷ್ಟು ಹಿಡಿಸಿತೆಂದರೆ ಕಾಳಮ್ಮ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಇಷ್ಟು ಕಸುಬುದಾರಿಕೆಯ ವರದಿ ಅವನ ಕೈಯಿಂದ ಹಿಂದೆ ಬಂದಿರಲಿಲ್ಲ. ಇದೂ ಇನ್ನೊಬ್ಬರ ಹೆಸರಿಗೆ ಹೋಗುತ್ತದಲ್ಲ ಎಂದು ಒಂದು ಗಳಿಗೆ ಸಂಕಟವೂ ಆಯಿತು.

ಸಂಜೆ, ಶೀಲಾಳ ಕೆಫೆಯ ಎದುರಿನ ಮಹಡಿಯ ಮೇಲಿದ್ದ ಇನ್ನೊಂದು ಕೆಫೆಯಿಂದ ಸುದ್ದಿ ಏರಿಸಿ ಕಿಟಕಿಯ ಬಳಿ ನಿಂತ. ಧರ್ಮಪ್ಪನವರು ಒಳಗೆ ಹೋದರು. ಹೊರಗೆ ಬಂದಾಗ ಫ್ಲಾಪಿ ಅಂಗಿಯ ಜೇಬಿನಲ್ಲಿತ್ತು, ಮುಖದಲ್ಲಿ ಯಾವತ್ತೂ ಇಲ್ಲದ ಗಾಂಭೀರ್ಯವಿತ್ತು. ಸ್ಕೂಟರು ತಿರುವಿನಲ್ಲಿ ಮರೆಯಾದ ಮೇಲೆ ರುದ್ರೇಶ ಕೂತು, ನೀರಿನ ಸುದ್ದಿ ಅಳಿಸಿ, ಅದೇ ಜಾಗದಲ್ಲಿ ಅಣಬೆ ಬೇಸಾಯದ ತರಬೇತಿಯ ಬಗ್ಗೆ ಎರಡು ಪ್ಯಾರಾ ಹಾಕಿದ. ಅಣಬೆಯ ಬಗ್ಗೆ ಯಾರೂ ಕೇಸು ಹಾಕುವುದಿಲ್ಲ.

ಬೆಳಿಗ್ಗೆ ಪತ್ರಿಕೆಗೆ ಕೈಚಾಚುತ್ತ ಭೈರಪ್ಪನ ಹೋಟೆಲಿಗೆ ಹೋದರೆ ಪತ್ರಿಕೆ ಆಗಲೇ ಭೈರಪ್ಪನ ಕೈಯಲ್ಲಿತ್ತು. ಗಿರಾಕಿಗಳೆಲ್ಲ ಅದರ ಮೇಲೆ ಬಗ್ಗಿದ್ದರು. ಮುಖಪುಟ! ಕಾಳಮ್ಮನ ಮಾತೇ ತಲೆಬರಹ.

“ಬನ್ನಿ ಬನ್ನಿ ಸಾರ್,” ಭೈರಪ್ಪ ಗಲ್ಲಾದಿಂದಲೇ ಎದ್ದ. “ಮುರುಗೇಶಪ್ಪನೋರು ವಕೀಲರನ್ನ ಕಾರಲ್ಲಿ ಕೂರಿಸ್ಕಂಡು ಇಲ್ಲಿಗೆ ಬರೋಕೆ ಭದ್ರಾವತಿ ಬಿಟ್ಟಾಯ್ತಂತೆ, ಈಗ ಫೋನು ಬಂತು.”

“ಪಾಪ, ಧರ್ಮಪ್ಪನೋರ ಗತಿ,” ಎಂದು ರುದ್ರೇಶ ಎಷ್ಟು ಮರುಕ ತರಿಸಿಕೊಳ್ಳಬಹುದೋ ಅಷ್ಟನ್ನೂ ತರಿಸಿಕೊಂಡ.

“ಅವರಿಗೇನಾಗತ್ತೆ? ತಮಾಷೆ ಮಾಡ್ತೀರಲ್ಲ ಮಾರಾಯ್ರೆ!”

ಭೈರಪ್ಪ ಬೆರಳಿಟ್ಟ ಕಡೆ ರುದ್ರೇಶ ನೋಡಿದ. ತಲೆಬರಹದ ಕೆಳಗೆ ದಪ್ಪಕ್ಷರದಲ್ಲಿ ‘ವರದಿ: ರುದ್ರೇಶ್, ವಿನೋಬನಗರ’ ಎಂದಿತ್ತು. ಮೂರು ವರ್ಷ ಅವನು ಆ ಪತ್ರಿಕೆಯಲ್ಲಿ ತನ್ನ ವಾಕ್ಯಗಳನ್ನು ಹುಡುಕಿ ಹುಡುಕಿ ಓದಿದ್ದನೇ ಹೊರತು ಬೇರೆಯವರು ಬರೆದದ್ದನ್ನು ಒಂದು ದಿನವೂ ಓದಿರಲಿಲ್ಲ. ಓದಿದ್ದರೆ, ಮೀನು, ನಾಟಕ, ಸನ್ಮಾನಗಳಿಗೆ ಧರ್ಮಪ್ಪನವರು ತಮ್ಮ ಹೆಸರು ಹಾಕಿಕೊಳ್ಳುವುದೂ, ಕೋರ್ಟಿನ ವಾಸನೆ ಬಡಿಯುವ ಪ್ರತಿ ಸುದ್ದಿಗೂ ತಪ್ಪದೇ ಇನ್ನೊಬ್ಬರ ಹೆಸರು ದಯಪಾಲಿಸುವುದೂ ಕಣ್ಣಿಗೆ ಬೀಳುತ್ತಿತ್ತು. “ಇದು ನಾನು ಬರೆದಿದ್ದಲ್ಲ,” ಎಂದ ರುದ್ರೇಶ. ಹೋಟೆಲಿಗೆ ಹೋಟೆಲೇ ನಕ್ಕಿತು. “ಮೂರು ವರ್ಷದಿಂದ ಎಲ್ಲಾ ನಂದೇ ಅಂತಿದ್ರಿ,” ಎಂದ ಭೈರಪ್ಪ, ಕಾಫಿ ಮುಂದಿಡುತ್ತ. “ನಾವೇ ನಂಬಿರ್ಲಿಲ್ಲ ನೋಡಿ. ಈಗ ಕೋರ್ಟಿಗೆ ಕರೆದ್ರೂ ಬಂದು ಹೇಳ್ತೀವಿ ಸಾರ್, ಬರೆದಿದ್ದು ನೀವೇ ಅಂತ.”