ಆ ಕಡೆಯ ಫೋನ್

ಮಂಗಳವಾರ ಮಧ್ಯಾಹ್ನ ಒಂದೂಕಾಲಿಗೆ ವಿಡಿಯೋ ಕಾಲ್ ಬಂತು. ಪರದೆಯ ಮೇಲೆ ಯಶವಂತನ ಮುಖ ಮೂಡುವವರೆಗೆ ಎರಡು ಮೂರು ಸೆಕೆಂಡು ಬೇಕು. ಅಷ್ಟರಲ್ಲಿ ಅಶ್ವಿತಾ ಎಂದಿನಂತೆ ಎರಡೆರಡು ಸಲ ಹಲೋ ಅಂದಳು. ಮುಖ ಬಂತು. ಅವಳು ಉಸಿರು ಬಿಟ್ಟಳು.

"ನೇರ ನೋಡಿ. ಕಾಲರ್ ಸರಿ ಮಾಡಿ. ನಗ್ಬೇಡಿ."

"ಊಟದ ಹೊತ್ತಲ್ಲೂ ಪಾಸ್‌ಪೋರ್ಟ್ ಫೋಟೋನಾ ಮೇಡಂ?"

ಅವಳು ಕಾಲ್‌ನಲ್ಲಿರುವವರ ಫೋಟೋ ತೆಗೆಯಲು ಪರದೆಯ ಮೂಲೆಯಲ್ಲಿದ್ದ ಬಿಳಿ ಬಟನ್ ಒತ್ತಿದಳು. ಗ್ಯಾಲರಿ ತೆರೆದು ನೋಡಿದಳು. ಫೋಟೋ ಇರಲಿಲ್ಲ. ನಿನ್ನೆಯದೂ ಇರಲಿಲ್ಲ.

"ಎಂತ ಮಾರಾಯ್ರೆ ಇದು? ಸೇವ್ ಆಗ್ತಾ ಇಲ್ಲ."

"ಸ್ಟೋರೇಜ್ ಫುಲ್ ಆಗಿರ್ಬೇಕು," ಎಂದ ಅವನು. ಹೇಳುವಾಗ ಅವನ ಕಣ್ಣು ಬೇರೆಲ್ಲೋ ಇತ್ತು.

ಕನ್ನಡ ಕೇಳಸಿಗದ ಈ ದೂರದ ಮಹಾನಗರದಲ್ಲಿ ಅವಳು ಬೆಹಾಲಾದ ಬ್ಯಾಂಕಿನಲ್ಲಿ, ಅವನು ಊರಿನ ಇನ್ನೊಂದು ತುದಿಯ ಸೆಕ್ಟರ್ ಫೈವ್‌ನ ಕಂಪನಿಯಲ್ಲಿ. ವರ್ಷದ ಹಿಂದೆ, ಅವನು ಬೆಹಾಲಾದಲ್ಲೇ ಬಾಡಿಗೆಗಿದ್ದಾಗ, ಅಕೌಂಟ್ ತೆರೆಯಲು ಬಂದಿದ್ದ. ಫಾರಂನಲ್ಲಿ ಬೆಂಗಳೂರಿನ ವಿಳಾಸ ಕಂಡು ಅವಳು "ಇಲ್ಲಿ ಸಹಿ ಹಾಕಿ" ಎಂದು ಕನ್ನಡದಲ್ಲೇ ಹೇಳಿದ್ದಳು. ಅವನು ಪೆನ್ನು ಹಿಡಿದು ಅವಳನ್ನೇ ನೋಡುತ್ತಾ ಕೂತದ್ದರಿಂದ ಸಾಲಿನಲ್ಲಿ ಹಿಂದಿದ್ದವರೆಲ್ಲ ಗಲಾಟೆ ಮಾಡಿದ್ದರು.

ಈಗ ಭಾನುವಾರ ಅವನ ತಾಯಿ ವಿಶಾಲಾಕ್ಷಿ ಬರುವವರಿದ್ದರು. "ಅಮ್ಮ ಬರ್ತಿರೋದು ನಿಮ್ಮನ್ನ ನೋಡೋಕೆ. ನೀವು ಬೇಡ ಅಂದ್ರೆ ವಿಕ್ಟೋರಿಯಾ ಮೆಮೋರಿಯಲ್ ತೋರಿಸಿ ವಾಪಸ್ ಕಳಿಸ್ತೀನಿ," ಎಂದಿದ್ದ. ಅವಳು ಹೂಂ ಎಂದಿರಲಿಲ್ಲ. ಉಹೂಂ ಎಂದೂ ಇರಲಿಲ್ಲ.

ಅವಳು ಹಳೆಯ ವಿಡಿಯೋಗಳನ್ನೆಲ್ಲ ಅಳಿಸಿದಳು. ಬುಧವಾರವೂ ಫೋಟೋ ಉಳಿಯಲಿಲ್ಲ. "ರೀಸ್ಟಾರ್ಟ್ ಮಾಡಿ ನೋಡಿ," ಎಂದ. ಗುರುವಾರ, "ಅಪ್‌ಡೇಟ್ ಬಂದಿರ್ಬಹುದು ಕಣ್ರೀ." ಅವನು ಹೇಳಿದ್ದೆಲ್ಲ ಅವಳು ಮಾಡಿದಳು. ಸಂಜೆ ಬಾಗಿಲಿಗೆ ಬೀಗ ಹಾಕಿದ್ದನ್ನು ಮೂರು ಸಲ ಎಳೆದು ನೋಡಿದಳು. ಹಿಂದೊಮ್ಮೆ ಇಂಥ ದಿನಗಳು ಅವಳಿಗೆ ಬಂದಿದ್ದವು.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಬೆಹಾಲಾ ಚೌರಸ್ತಾದ ಮೊಬೈಲ್ ಅಂಗಡಿಗೆ ಹೋದಳು. ಅಂಗಡಿಯವನು ಅವಳ ಫೋನಿನಿಂದ ತನ್ನ ಫೋನಿಗೆ ವಿಡಿಯೋ ಕಾಲ್ ಮಾಡಿ ಬಿಳಿ ಬಟನ್ ಒತ್ತಿದ. ಅವನ ದಪ್ಪ ಮೀಸೆ ಅವಳ ಗ್ಯಾಲರಿಯಲ್ಲಿ ಸ್ಪಷ್ಟವಾಗಿ ಬಂದು ಕೂತಿತು.

"ನಿಮ್ಮ ಫೋನ್ ಏಕ್‌ದಮ್ ಠೀಕ್ ದೀದಿ," ಎಂದ ಹಿಂದಿಯಲ್ಲಿ. "ಇದಕ್ಕೆ ಎರಡೂ ಕಡೆ ಪರ್ಮಿಷನ್ ಆನ್ ಇರಬೇಕು. ಆ ಕಡೆಯವರು ಆಫ್ ಮಾಡಿದ್ದಾರೆ."

"ತಾನಾಗಿ ಆಫ್ ಆಗ್ತದಾ?"

"ಯಾರಾದರೂ ಒಳಗೆ ಹೋಗಿ ಮಾಡಬೇಕು ದೀದಿ."

ಅವನ ಕಚೇರಿಯ ಕಡೆ ಹೋಗುವ ಬಸ್ಸಿನಲ್ಲಿ ಒಂದೂವರೆ ಗಂಟೆ ಕಿಟಕಿಯ ಸರಳು ಹಿಡಿದು ಕೂತಳು. ಒಂದೂಕಾಲಿಗೆ ಬಂದ ಕರೆಯನ್ನು ತೆಗೆಯಲಿಲ್ಲ. ತನ್ನ ಮುಖ ನನ್ನ ಬಳಿ ಉಳಿಯುವುದು ಅವನಿಗೆ ಬೇಡ. ತಾಯಿ ಬರುವ ಮೊದಲೇ ಗುರುತು ಅಳಿಸುತ್ತಿದ್ದಾನೆ. ಇಲ್ಲವೇ ಆಸ್ಪತ್ರೆಯಿಂದ ಯಾವುದೋ ರಿಪೋರ್ಟ್ ಬಂದಿದೆ, ಮುಚ್ಚಿಡುತ್ತಿದ್ದಾನೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೋ ತಿಳಿಯಲಿಲ್ಲ.

ಅವನ ಕಚೇರಿಯ ಗೇಟಿನಲ್ಲಿ ನಿಂತು ಫೋನ್ ಮಾಡಿದಳು. "ಕೆಳಗೆ ಬನ್ನಿ."

ಯಶವಂತ ಓಡಿಯೇ ಬಂದ. ಕತ್ತಿನ ಐಡಿ ಕಾರ್ಡ್ ಬೆನ್ನ ಕಡೆ ತಿರುಗಿತ್ತು. "ಕಾಲ್ ಯಾಕೆ ತೆಗೀಲಿಲ್ಲ? ಏನಾಯ್ತು ಅಶ್ವಿತಾ?"

"ನೀವೇ ಆಫ್ ಮಾಡಿದ್ದಾ?"

ಏನನ್ನು ಎಂದು ಅವನು ಕೇಳಲಿಲ್ಲ. "ಹೌದು."

ಅವನು ಅವಳನ್ನು ಚಹಾದಂಗಡಿಯ ಬೆಂಚಿನ ಮೇಲೆ ಕೂರಿಸಿ, ಎರಡು ಮಣ್ಣಿನ ಕುಡಿಕೆ ಚಹಾ ತಂದ. ಇಬ್ಬರೂ ಕುಡಿಯಲಿಲ್ಲ.

"ಹೋದ ಶನಿವಾರ ಗರಿಯಾಹಾಟ್‌ನಲ್ಲಿ ಸೀರೆ ಫೋಟೋ ತೋರಿಸ್ತೀನಿ ಅಂತ ಫೋನ್ ಕೊಟ್ರಲ್ಲ," ಎಂದ. "ನನ್ನ ಫೋಟೋಗಳೂ ಕಂಡ್ವು. ಇನ್ನೂರಕ್ಕೂ ಜಾಸ್ತಿ. ಒಂದರಲ್ಲೂ ನಾನು ನಗ್ತಿಲ್ಲ. ಒಂದನ್ನ ಭುಜದವರೆಗೆ ಕಟ್ ಮಾಡಿ, ಹಿಂದೆ ನೀಲಿ ಬಣ್ಣ ಹಾಕಿಟ್ಟಿದ್ರಿ."

ಅವಳು ನೆಲ ನೋಡಿದಳು.

"ಅಂಥದ್ದೊಂದು ನಮ್ಮನೆ ಹಾಲ್‌ನಲ್ಲಿದೆ. ಅಪ್ಪಂದು. ಗಂಧದ ಹಾರ ಹಾಕಿರೋದು." ಅವನ ದನಿ ಇಳಿಯಿತು. "ನೀವು ಬಟನ್ ಒತ್ತಿದಾಗಲೆಲ್ಲ ನನ್ನ ಫೋನಲ್ಲಿ ಮೆಸೇಜ್ ಬರುತ್ತೆ ಕಣ್ರೀ, ಅಶ್ವಿತಾ ಫೋಟೋ ತೆಗೆದರು ಅಂತ. ಆಮೇಲಿಂದ ಅದು ನೋಡಿದ್ರೆ ಕೈಕಾಲು ತಣ್ಣಗಾಗ್ತಿತ್ತು. ಹೇಳೋಕೆ ಧೈರ್ಯ ಬರ್ಲಿಲ್ಲ. ಆಫ್ ಮಾಡ್ದೆ. ತಪ್ಪು ನಂದೇ."

ಗಂಡ ಸ್ವಸ್ತಿಕ್ ತೀರಿಕೊಂಡದ್ದನ್ನು ಅವಳು ಮೊದಲೇ ಅವನಿಗೆ ಹೇಳಿದ್ದಳು. ಅದರ ನಂತರದ್ದನ್ನು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದಳು.

"ಹದಿಮೂರನೇ ದಿನಕ್ಕೆ ಇಡ್ಲಿಕ್ಕೆ ಅವರದ್ದೊಂದು ಫೋಟೋ ಇರ್ಲಿಲ್ಲ. ರಾತ್ರಿ ವಿಡಿಯೋ ಕಾಲಲ್ಲಿ ಮಾತಾಡಿದ್ದೆ, ಬೆಳಿಗ್ಗೆ ಇರ್ಲಿಲ್ಲ ಅವರು. ಯಾರದ್ದೋ ಮದುವೆಯ ಗ್ರೂಪ್ ಫೋಟೋದಿಂದ ಕಟ್ ಮಾಡಿಸಿದ್ದು. ಅವರ ಹೆಗಲ ಮೇಲೆ ಯಾರದ್ದೋ ಕೈ ಉಂಟು. ಹಾರ ಹಾಕಿದ ಮೇಲೂ ನಾಲ್ಕು ಬೆರಳು ಕಾಣ್ತದೆ." ಅವಳು ಕುಡಿಕೆಯನ್ನು ಆಚೆ ಸರಿಸಿದಳು. "ನಿಮಗೆ ಹಾಗೆ ಆಗ್ಬಾರ್ದು ಅಂತ."

ಯಶವಂತ ಅವಳ ಕಡೆ ತಿರುಗಿ ಕೂತ.

"ನಾನು ಸಾಯಲ್ಲ ಅಂತ ಮಾತು ಕೊಡೋಕಾಗಲ್ಲ ಅಶ್ವಿತಾ. ಆದ್ರೆ ಬದುಕಿರುವಾಗಲೇ ನಗಬೇಡ ಅಂದ್ರೆ ಹೇಗೆ ಹೇಳಿ?" ಜೇಬಿನಿಂದ ಫೋನ್ ತೆಗೆದ. "ಆದ್ರೂ ನಿಮಗೆ ಅದರಿಂದ ನಿದ್ದೆ ಬರುತ್ತೆ ಅಂದ್ರೆ ಈಗ್ಲೇ ಆನ್ ಮಾಡ್ತೀನಿ. ದಿನಾ ಹೇಳಿದ ಹಾಗೆ ಕೂತ್ಕೋತೀನಿ. ನಿಮ್ಮನ್ನ ಬಿಟ್ಟಿರೋದಕ್ಕಿಂತ ಅದು ಸುಲಭ ನಂಗೆ."

ಅವನ ಹೆಬ್ಬೆರಳು ಪರದೆಯ ಮೇಲಿತ್ತು. ಅವಳು ಆ ಫೋನಿನ ಮೇಲೆ ಅಂಗೈ ಇಟ್ಟು ಮುಚ್ಚಿದಳು.

ರಸ್ತೆಯಲ್ಲಿ ಬಸ್ಸೊಂದು ಕಂಡಕ್ಟರನ ಕೂಗಿನೊಂದಿಗೆ ಹೋಯಿತು. ಚಹಾದ ಮೇಲೆ ಕೆನೆ ಕಟ್ಟಿತ್ತು.

"ಅಮ್ಮನಿಗೆ ನೀರ್‌ದೋಸೆ ಆಗ್ತದಾ?" ಎಂದಳು.

"ಯಾರ ಅಮ್ಮಂಗೆ?"

"ನಿಮ್ಮ ಅಮ್ಮನಿಗೆ ಮಾರಾಯ್ರೆ. ಭಾನುವಾರ ಬೆಳಿಗ್ಗೆ ಬರುದಲ್ವಾ? ಅಕ್ಕಿ ಮುಂಚಿನ ದಿನವೇ ನೆನೆ ಹಾಕ್ಬೇಕು."

ಅವನು ಕಣ್ಣು ತುಂಬಿಕೊಂಡೇ ನಗತೊಡಗಿದ, ಹಲ್ಲೆಲ್ಲ ಕಾಣುವಂತೆ.

"ನನಗೆ ತುಂಬ ಹೆದ್ರಿಕೆ ಆಗ್ತಾ ಉಂಟು," ಎಂದಳು ಅಶ್ವಿತಾ. ಅವಳ ಅಂಗೈ ಇನ್ನೂ ಅವನ ಫೋನಿನ ಮೇಲೇ ಇತ್ತು.

ಅವನು ಆ ಕೈ ಹಿಡಿದುಕೊಂಡ. "ನಂಗೂ," ಎಂದ.